ಹಿತ್ತಲಲ್ಲೊಂದು ಮಡಿ ಪುಂಡಿ

ಕಲಬುರಗಿ ಸೀಮೆಯ ತೆಂಗಳಿ, ಸೇಡಂ, ಚಿತ್ತಾಪುರದ ಕಡೆ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯ ಉಂಡವರು ಅದರ ಹುಳಿಯನ್ನು ಮರೆಯುವುದಿಲ್ಲ. ಆ ಸೊಪ್ಪನ್ನು ಬೆಳೆಯುವ ಆಸೆ ನಿಮಗಿದ್ದರೆ ಬನ್ನಿ, ಮೊದಲಿನಿಂದ ಕಲಿಯೋಣ. ತೆಲುಗರ ಗೋಂಗೂರ ಇದೇ. ದಾಸವಾಳ, ಹತ್ತಿ, ಬೆಂಡೆ ಇದರ ಬಳಗ. ತಿಳಿಹಳದಿ ಎಸಳು, ನಡುವೆ ಕಡುಗೆಂಪು ಇರುವ ಹೂ ಕಂಡಾಗ ಆ ನಂಟು ನಿಮಗೇ ತಿಳಿಯುತ್ತದೆ.

ಮೊದಲು ಮಣ್ಣು. ಇಲ್ಲಿಯದು ಎರೆಮಣ್ಣು, ಅಂದರೆ ನೀರು ಹಿಡಿದಿಡುವ ಕಪ್ಪು ಜಿಗುಟು ಮಣ್ಣು. ಬೇರಿನ ಬಳಿ ನೀರು ನಿಂತರೆ ಪುಂಡಿ ಸೊರಗುತ್ತದೆ. ಆದ್ದರಿಂದ ಗೊಬ್ಬರ ಬೆರೆಸಿ, ಗೇಣೆತ್ತರದ ಮಡಿ ಮಾಡಿ. ಜೂನ್ ಆರಂಭದ ಮಿರಗದ ಮಳೆಗೆ ಬೀಜವನ್ನು ಅರ್ಧ ಅಂಗುಲದ ಆಳಕ್ಕೆ ಹಾಕಿ. ಸಾಮಾನ್ಯವಾಗಿ ವಾರದೊಳಗೆ ಮೊಳಕೆ ಬರುತ್ತದೆ. ಗಿಡದಿಂದ ಗಿಡಕ್ಕೆ ಗೇಣು ಜಾಗ ಉಳಿಯುವಂತೆ ಹೆಚ್ಚಿನವನ್ನು ಕಿತ್ತುಬಿಡಿ. ಕಿತ್ತ ಎಳೆಸಸಿಗಳೂ ಪಲ್ಯಕ್ಕಾಗುತ್ತವೆ.

ಐದಾರು ವಾರದಲ್ಲಿ ಗಿಡ ಮೊಣಕಾಲೆತ್ತರ ಬಂದಾಗ ತುದಿಯ ಕುಡಿಯನ್ನು ಚಿವುಟಿ. ಒಂದೇ ಕಡ್ಡಿಯಾಗಿ ಏರುತ್ತಿದ್ದ ಗಿಡ ಆಗ ಎಲೆಯ ಬುಡಗಳಿಂದ ಕವಲೊಡೆಯುತ್ತದೆ. ಕವಲು ಹೆಚ್ಚಿದಷ್ಟೂ ಸೊಪ್ಪು ಹೆಚ್ಚು.

ಇನ್ನು ಮುಖ್ಯ ಪಾಠ. ಪುಂಡಿ ಹೂವಿಗೆ ಬರುವುದು ಹಗಲು ಚಿಕ್ಕದಾದಾಗ. ಇಂಥವನ್ನು ಅಲ್ಪದಿನ ಸಸ್ಯ ಎನ್ನುತ್ತಾರೆ. ಕಲಬುರಗಿ ಸೀಮೆಯಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೂ ತುಸು ಹೆಚ್ಚು. ಡಿಸೆಂಬರಿನದು ಸುಮಾರು 11. ಮುಂಗಾರಿನಲ್ಲಿ ಬಿತ್ತಿದ ಗಿಡಕ್ಕೆ ಎಲೆ ಬೆಳೆಸಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ಅಕ್ಟೋಬರಿನಲ್ಲಿ ಬಿತ್ತಿದ್ದು ಗಿಡ್ಡವಾಗಿರುವಾಗಲೇ ಮೊಗ್ಗು ಬಿಡುತ್ತದೆ. ಮೊಗ್ಗು ಬಂದ ಮೇಲೆ ಎಲೆ ಸಣ್ಣದಾಗಿ ಒರಟಾಗುವುದರಿಂದ ಸೊಪ್ಪಿನ ಕೊಯ್ಲನ್ನು ಅದಕ್ಕೆ ಮೊದಲೇ ಮುಗಿಸಿ.

ಹೂ ಬೆಳಿಗ್ಗೆ ಅರಳಿ ಅಂದೇ ಬಾಡುತ್ತದೆ. ಹೂವಿನ ಬುಡವನ್ನು ಬಟ್ಟಲಿನಂತೆ ಹಿಡಿದಿರುವ ಭಾಗಕ್ಕೆ ಪುಷ್ಪಪಾತ್ರೆ ಎನ್ನುತ್ತಾರೆ. ಕೆಂಪು ಪುಂಡಿಯ ಒಂದು ಬಗೆಯಲ್ಲಿ ಇದು ದಪ್ಪವಾಗಿ, ರಸಭರಿತವಾಗಿರುತ್ತದೆ. ಹೂ ಬಾಡಿ ಎರಡು ಮೂರು ವಾರಕ್ಕೆ, ಇನ್ನೂ ಮೆತ್ತಗಿರುವಾಗಲೇ ಕೊಯ್ದರೆ ಚಟ್ನಿಗೂ ಪಾನಕಕ್ಕೂ ಆಗುತ್ತದೆ.

ಒಂದೆರಡು ಗಟ್ಟಿ ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಿ. ಒಣಗಿದ ಕಾಯಿಯ ಸಣ್ಣ ಮುಳ್ಳುಕೂದಲು ಕೈ ಚುಚ್ಚುತ್ತದೆ. ಬಟ್ಟೆ ಸುತ್ತಿಕೊಂಡು ಬಿಡಿಸಿ. ಮುಂದಿನ ಮಿರಗಕ್ಕೆ ಬೀಜ ನಿಮ್ಮ ಮನೆಯಲ್ಲೇ ಇರುತ್ತದೆ.