ಶಾಬ್ಲಿಯ ಮೇಲೆ ಏನನ್ನೂ ಹೊದಿಸಬೇಡ

ಮಗಳೇ, ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ ನಿನ್ನ ಕೈಗೆ ಬಂದಿದೆ. ನಮ್ಮ ಮನೆಗಳಲ್ಲಿ ಇದನ್ನು ಕೂರಿಸಿಕೊಂಡು ಹೇಳಿಕೊಡುವ ಹಿರಿಯರು ಅಪರೂಪ. ನಿನ್ನ ಈ ಮಾವ ಬದುಕಿನ ಬಹುಪಾಲನ್ನು ಇದೇ ಕೆಲಸದಲ್ಲಿ ಕಳೆದವನು. ಹಾಗಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ಎಲ್ಲ ವೈನುಗಳನ್ನೂ ಒಟ್ಟಿಗೆ ಕಲಿಯಲು ಹೋದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಮೊದಲು ಒಂದನ್ನು ಗಟ್ಟಿಯಾಗಿ ಹಿಡಿದುಕೊ. ಫ್ರಾನ್ಸಿನ ಶಾಬ್ಲಿಯಿಂದ ಶುರು ಮಾಡು ಎನ್ನುತ್ತೇನೆ. ಶಾರ್ಡೊನೆ ದ್ರಾಕ್ಷಿಯೊಂದರಿಂದಲೇ ಮಾಡುವ ಬಿಳಿ ವೈನ್ ಅದು, ಮೆಲುದನಿಯದು. ಮೆಲುದನಿಯವರನ್ನು ಮಾತಾಡಲು ಬಿಡದೆ ಇರುವುದು ಬಲು ಸುಲಭ. ಅತಿಯಾಗಿ ತಣ್ಣಗೆ ಮಾಡಿದರೆ ಶಾಬ್ಲಿ ಮುಚ್ಚಿಹೋಗುತ್ತದೆ. ಖಾರದ ಊಟದ ಪಕ್ಕ ಇಟ್ಟರೂ ಮುಚ್ಚಿಹೋಗುತ್ತದೆ, ನಾವು ಆಡುವ ದೊಡ್ಡ ಮಾತುಗಳ ಅಡಿಯಲ್ಲೂ ಮುಚ್ಚಿಹೋಗುತ್ತದೆ. ಈ ಹೊದಿಕೆಗಳನ್ನು ತೆಗೆದು, ವೈನ್ ಇದ್ದ ಹಾಗೆ ಅತಿಥಿಗೆ ಮುಟ್ಟುವಂತೆ ಮಾಡುವುದೇ ನಿನ್ನ ಕೆಲಸ.

ಮೊದಲು ಅದರ ಊರನ್ನು ತಿಳಿದುಕೊ. ಶಾಬ್ಲಿ ಎಂಬ ಸಣ್ಣ ಪಟ್ಟಣ ಪ್ಯಾರಿಸಿನ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಬರ್ಗಂಡಿಯ ಉತ್ತರದ ಅಂಚಿನಲ್ಲಿ, ಸರೆಂ ನದಿಯ ದಂಡೆಯಲ್ಲಿದೆ. ಸಮೀಪದಲ್ಲೇ 1114ರಲ್ಲಿ ಸ್ಥಾಪನೆಯಾದ ಪೊಂಟಿನಿ ಮಠವಿದೆ. ಅಲ್ಲಿನ ಸಿಸ್ಟರ್ಸಿಯನ್ ಸನ್ಯಾಸಿಗಳು ಈ ಬೆಟ್ಟಗಳಲ್ಲಿ ದ್ರಾಕ್ಷಿ ಕೃಷಿಯನ್ನು ಬೆಳೆಸಿದವರು. ಒಳ್ಳೆಯ ಇಳಿಜಾರುಗಳ ಮಣ್ಣು ಸುಣ್ಣಕಲ್ಲು ಮತ್ತು ಜೇಡಿ ಬೆರೆತದ್ದು. ಭೂವಿಜ್ಞಾನಿಗಳು ಇದನ್ನು ಕಿಮ್ಮರಿಜಿಯನ್ ಎನ್ನುತ್ತಾರೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲಿತ್ತು. ಆ ಕಡಲಿನ ಪುಟ್ಟ ಸಿಂಪಿಗಳು ಕಲ್ಲಾಗಿ ಇಂದಿಗೂ ತೋಟದ ಮಣ್ಣಿನಲ್ಲಿ ಕೈಗೆ ಸಿಗುತ್ತವೆ.

ಇನ್ನು ಅಲ್ಲಿನ ಚಳಿ. ಏಪ್ರಿಲಿನಲ್ಲಿ ಬಳ್ಳಿ ಚಿಗುರುವ ಹೊತ್ತಿಗೆ ಸರಿಯಾಗಿ ಹಿಮ ಬೀಳುವುದುಂಟು. ರೈತರು ರಾತ್ರಿಯಿಡೀ ತೋಟದಲ್ಲಿ ಬೆಂಕಿಯ ಡಬ್ಬಿಗಳನ್ನು ಹಚ್ಚಿಡುತ್ತಾರೆ. ಕೆಲವರು ಚಿಗುರಿನ ಮೇಲೆ ನೀರು ಸಿಂಪಡಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಒಳಗಿನ ಚಿಗುರನ್ನು ಕಾಯುತ್ತದೆ, ಆದರೆ ಬಿಸಿಲೇರುವ ತನಕ ಸಿಂಪಡಿಸುವುದನ್ನು ನಿಲ್ಲಿಸುವಂತಿಲ್ಲ. 2021ರ ಏಪ್ರಿಲಿನಲ್ಲಿ ಇಷ್ಟೆಲ್ಲ ಮಾಡಿಯೂ ಬೆಳೆಯ ದೊಡ್ಡ ಪಾಲು ಹೋಯಿತು. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೇರು ತಿನ್ನುವ ಫಿಲಾಕ್ಸರಾ ಕೀಟ ಬಂತು. ರೈಲು ಹಾದಿಯಲ್ಲಿ ದಕ್ಷಿಣದ ಅಗ್ಗದ ವೈನ್ ಪ್ಯಾರಿಸಿಗೆ ಹರಿಯಿತು, ಆಮೇಲೆ ಯುದ್ಧಗಳು. 1950ರ ದಶಕದಲ್ಲಿ ಇಡೀ ಶಾಬ್ಲಿಯಲ್ಲಿ ಉಳಿದದ್ದು ಸುಮಾರು 500 ಹೆಕ್ಟೇರ್ ತೋಟ. ಇಂದು 5,000 ಹೆಕ್ಟೇರಿಗೂ ಹೆಚ್ಚಿದೆ. ನೀನು ಹಿಡಿದ ಬಾಟಲಿಯ ಹಿಂದೆ ಸೋತು ಎದ್ದು ನಿಂತವರ ದುಡಿಮೆ ಇದೆ. ಅದನ್ನು ಅಸಡ್ಡೆಯಿಂದ ಸುರಿಯಬೇಡ.

ಚಳಿನಾಡಿನ ದ್ರಾಕ್ಷಿಯಲ್ಲಿ ಹುಳಿ ಉಳಿದುಕೊಳ್ಳುತ್ತದೆ. ಶಾಬ್ಲಿಯ ಬೆನ್ನುಮೂಳೆ ಆ ಹುಳಿಯೇ. ಜೊತೆಗೆ ನಿಂಬೆಯ ಸಿಪ್ಪೆ, ಹಸಿರು ಸೇಬು, ಒದ್ದೆ ಕಲ್ಲುಚಪ್ಪಡಿ, ಚಕಮಕಿ ಕಲ್ಲು ಉಜ್ಜಿದಾಗಿನ ವಾಸನೆ, ಕೊನೆಯಲ್ಲಿ ನಾಲಿಗೆಯ ಅಂಚಿಗೆ ಉಪ್ಪಿನ ಒಂದು ಸುಳಿವು. ಇದನ್ನೇ ಮಿನರಲ್ ಗುಣ ಎಂದು ಹೊಗಳುತ್ತಾರೆ. ಆದರೆ ಅತಿಥಿಗೆ "ಬಂಡೆಯ ಖನಿಜ ಬೇರಿನಿಂದ ನೇರವಾಗಿ ಗ್ಲಾಸಿಗೆ ಬಂದಿದೆ" ಎಂದು ಹೇಳಬೇಡ. ಬಂಡೆಗೆ ಹೇಳಿಕೊಳ್ಳುವಂಥ ರುಚಿಯೇ ಇಲ್ಲ. ಬೇರು ಹೀರುವುದು ನೀರಿನಲ್ಲಿ ಕರಗಿದ ಪೋಷಕಾಂಶಗಳನ್ನು, ಅವು ವೈನಿನಲ್ಲಿ ಉಳಿಯುವುದು ನಾಲಿಗೆಗೆ ಸಿಗದಷ್ಟು ಕಡಿಮೆ. ವೇಲ್ಸಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ವಿವರವಾಗಿ ಬರೆದಿದ್ದಾರೆ. ಚಕಮಕಿಯಂಥ ವಾಸನೆಗೆ ಹುದುಗುವಿಕೆಯಲ್ಲಿ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ಇದರಿಂದ ಮಣ್ಣಿನ ಬೆಲೆ ಕಡಿಮೆಯಾಗುವುದಿಲ್ಲ. ನೀರು ಬಸಿದುಹೋಗುವ ಬಗೆ, ಇಳಿಜಾರಿಗೆ ಬೀಳುವ ಬಿಸಿಲು, ಬಳ್ಳಿ ಬೆಳೆಯುವ ವೇಗ, ಇವೆಲ್ಲದರ ಮೂಲಕ ನೆಲ ವೈನಿನ ಮೇಲೆ ಕೆಲಸ ಮಾಡುತ್ತದೆ. "ಇಲ್ಲಿನ ನೆಲದಲ್ಲಿ ಹಳೆಯ ಕಡಲಿನ ಸಿಂಪಿಗಳಿವೆ, ವೈನಿನಲ್ಲಿ ಒದ್ದೆ ಕಲ್ಲಿನ ನೆನಪು ತರುವ ಪರಿಮಳವಿದೆ" ಎಂದರೆ ಎರಡೂ ನಿಜ. ಒಂದರಿಂದಲೇ ಇನ್ನೊಂದು ಬಂತು ಎನ್ನಬೇಡ. ತಿಳಿದವರ ಮುಂದೆಯೂ ತಿಳಿಯದವರ ಮುಂದೆಯೂ ಒಂದೇ ಸತ್ಯ ಹೇಳುವವರನ್ನು ಜನ ನಂಬುತ್ತಾರೆ.

ಶಾರ್ಡೊನೆ ಎಂದ ಕೂಡಲೇ ಎಷ್ಟೋ ಅತಿಥಿಗಳಿಗೆ ಬೆಣ್ಣೆ, ವೆನಿಲ್ಲಾ ನೆನಪಾಗುತ್ತದೆ. ಅದು ಹೊಸ ಓಕ್ ಪೀಪಾಯಿಗಳಲ್ಲಿ ಇಟ್ಟ ಬಿಸಿಲುನಾಡಿನ ಶಾರ್ಡೊನೆಯ ರುಚಿ. ಶಾಬ್ಲಿಯನ್ನು ಹೆಚ್ಚಾಗಿ ಸ್ಟೀಲ್ ತೊಟ್ಟಿಗಳಲ್ಲಿ ಮಾಡುತ್ತಾರೆ. ಪೀಪಾಯಿ ಬಳಸುವ ಒಳ್ಳೆಯ ಮನೆತನಗಳೂ ಇವೆ, ಆದರೆ ಅವರು ಸಾಮಾನ್ಯವಾಗಿ ಹಳೆಯ ಪೀಪಾಯಿಗಳನ್ನೇ ಆರಿಸುತ್ತಾರೆ. ಒಗ್ಗರಣೆ ಹೆಚ್ಚಾದರೆ ತೊವ್ವೆಯಲ್ಲಿ ಬೇಳೆಯ ರುಚಿ ಕಾಣದು, ಹಾಗೆಯೇ ಇದು. ಬೆಣ್ಣೆಯ ಶಾರ್ಡೊನೆ ಕೇಳಿದವರಿಗೆ ಶಾಬ್ಲಿ ಕೊಡುವ ಮುನ್ನ ಎರಡು ಮಾತಿನಲ್ಲಿ ವ್ಯತ್ಯಾಸ ತಿಳಿಸು. ಅವರಿಗೆ ಬೇಕಾದದ್ದು ಬೇರೆಯಾದರೆ ಅದನ್ನೇ ಕೊಡು.

ಲೇಬಲ್ ಓದುವುದನ್ನು ಕಲಿ. ಶಾಬ್ಲಿಯಲ್ಲಿ ನಾಲ್ಕು ದರ್ಜೆಗಳಿವೆ. ಪೆತಿ ಶಾಬ್ಲಿ ಬಹುತೇಕ ಬೆಟ್ಟದ ಮೇಲಿನ ಬೇರೆ ಸುಣ್ಣಕಲ್ಲಿನ ನೆಲದ್ದು, ಎಳೆಯದಾಗಿಯೇ ಕುಡಿಯುವಂಥದ್ದು. ಆಮೇಲೆ ಶಾಬ್ಲಿ, ಅದರ ಮೇಲೆ ಪ್ರೆಮಿಯೆ ಕ್ರು. ಮಾಂಮೆಂ, ಫೂರ್‌ಶೋಮ್‌ನಂಥ ತೋಟದ ಹೆಸರುಗಳು ಈ ದರ್ಜೆಯ ಲೇಬಲ್ಲುಗಳಲ್ಲಿ ಕಾಣುತ್ತವೆ. ಎಲ್ಲಕ್ಕೂ ಮೇಲೆ ಗ್ರಾಂ ಕ್ರು. ಪಟ್ಟಣದ ಎದುರಿಗೆ ನೈಋತ್ಯಕ್ಕೆ ಮುಖಮಾಡಿದ ಒಂದೇ ಗುಡ್ಡದ ಏಳು ಭಾಗಗಳಿವು, ಒಟ್ಟು ಸುಮಾರು 100 ಹೆಕ್ಟೇರ್. ಲೆ ಕ್ಲೋ, ವಾಲ್ಮ್ಯೂರ್, ಬ್ಲಾಂಶೊ ಅವುಗಳಲ್ಲಿ ಕೆಲವು. ಒಳ್ಳೆಯ ಗ್ರಾಂ ಕ್ರು ಹತ್ತು ಹದಿನೈದು ವರ್ಷ ಕಾದರೆ ಜೇನು, ಬಾದಾಮಿ, ಅಣಬೆಯ ಕಡೆಗೆ ತಿರುಗುತ್ತದೆ. ಹಾಗೆಂದು ದುಬಾರಿಯದನ್ನೇ ಎಲ್ಲರ ಮುಂದೆ ತಳ್ಳಬೇಡ. ಎಳೆಯ ಗ್ರಾಂ ಕ್ರು ಬಿಗಿಯಾಗಿಯೇ ಇರುತ್ತದೆ. ಇವತ್ತಿನ ಊಟಕ್ಕೆ ಎರಡು ಮೂರು ವರ್ಷದ ಸಾಮಾನ್ಯ ಶಾಬ್ಲಿ ಅದಕ್ಕಿಂತ ಹೆಚ್ಚು ಸಂತೋಷ ಕೊಡಬಹುದು.

ಈಗ ಬಡಿಸುವ ಮಾತು. ನಮ್ಮಲ್ಲಿ ಬಿಳಿ ವೈನನ್ನು ಬಿಯರಿನಂತೆ ಮಂಜಾಗಿಸಿ ಕೊಡುವ ಅಭ್ಯಾಸವಿದೆ. ಫ್ರಿಜ್ಜಿನ ನಾಲ್ಕೈದು ಡಿಗ್ರಿಯಲ್ಲಿ ಶಾಬ್ಲಿಯ ಪರಿಮಳ ಮೇಲೇಳುವುದೇ ಇಲ್ಲ, ಬರೀ ಹುಳಿ ನಾಲಿಗೆಯನ್ನು ಕುಟುಕುತ್ತದೆ. ಸಾಮಾನ್ಯ ಶಾಬ್ಲಿಗೆ 10ರಿಂದ 11 ಡಿಗ್ರಿ, ಗ್ರಾಂ ಕ್ರುಗೆ 12ರಿಂದ 14 ಡಿಗ್ರಿ ಸೆಲ್ಸಿಯಸ್ ಸಾಕು. ಬಡಿಸುವುದಕ್ಕೆ ಸ್ವಲ್ಪ ಮೊದಲೇ ಫ್ರಿಜ್ಜಿನಿಂದ ಹೊರಗೆ ತೆಗೆ. ಬೆಚ್ಚಗಿರುವ ಬಾಟಲಿಯನ್ನು ಬೇಗ ತಣಿಸಬೇಕಾದರೆ ಬಕೆಟ್ಟಿಗೆ ಬರೀ ಐಸ್ ತುಂಬಬೇಡ, ಅರ್ಧ ನೀರು ಹಾಕು. ನೀರು ಬಾಟಲಿಯ ಸುತ್ತ ಎಲ್ಲ ಕಡೆ ತಾಗುವುದರಿಂದ ಬೇಗ ತಣಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಗ್ಲಾಸು ಬೇಗ ಬಿಸಿಯೇರುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ, ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಸುರಿ. ಬಾಯಿ ಕಿರಿದಾದ ಗ್ಲಾಸು ಕೊಡು. ಸೋಪಿನ ವಾಸನೆ ಉಳಿದ ಗ್ಲಾಸನ್ನು ಮೇಜಿಗೆ ಒಯ್ಯಲೇಬೇಡ.

ಬಿರಡೆ ತೆಗೆದ ಕೂಡಲೇ ಮೂಸಿ ನೋಡು. ಒದ್ದೆ ಪೇಪರ್, ಬೂಷ್ಟು ಹಿಡಿದ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ದೋಷ, ಬಾಟಲಿ ಬದಲಿಸು. ತಳದಲ್ಲಿ ಸಕ್ಕರೆ ಹರಳಿನಂಥವು ಕಂಡರೆ ಗಾಬರಿ ಬೇಡ. ಅವು ದ್ರಾಕ್ಷಿಯದೇ ಟಾರ್ಟರಿಕ್ ಆಮ್ಲದ ಲವಣ, ಚಳಿಗೆ ಹರಳುಗಟ್ಟಿದ್ದು. ಕುಡಿದರೆ ಏನೂ ಆಗದು ಎಂದು ಅತಿಥಿಗೆ ಧೈರ್ಯ ಹೇಳು.

ಊಟದ ಜೊತೆ ಹೊಂದಿಸುವಾಗ ಉಪ್ಪು, ಹುಳಿ, ಖಾರ, ಸಿಹಿ ಇವನ್ನು ಗಮನಿಸಿದರೆ ಸಾಕು. ಉಪ್ಪು ವೈನಿನ ಹುಳಿಯನ್ನು ಮೆತ್ತಗಾಗಿಸುತ್ತದೆ. ಫ್ರಾನ್ಸಿನಲ್ಲಿ ಹಸಿ ಆಯ್ಸ್ಟರ್ ಜೊತೆ ಶಾಬ್ಲಿ ಕುಡಿಯುವುದು ಸುಮ್ಮನೆ ಬಂದ ರೂಢಿಯಲ್ಲ. ಮೇಕೆ ಹಾಲಿನ ಚೀಸ್, ಬೆಣ್ಣೆಯಲ್ಲಿ ಬಾಡಿಸಿದ ಮೀನು, ಚೀಸ್ ಹಾಕಿ ಬೇಯಿಸಿದ ಗುಜೇರ್ ಎಂಬ ಉಬ್ಬು ತಿಂಡಿ ಕೂಡ ಹೊಂದುತ್ತವೆ, ಏಕೆಂದರೆ ಹುಳಿ ಬಾಯಿಯ ಜಿಡ್ಡನ್ನು ತೊಳೆಯುತ್ತದೆ. ನಮ್ಮ ಕರಾವಳಿಯ ಕಾಣೆ ರವಾ ಫ್ರೈಯನ್ನು ಮೆಣಸಿನಪುಡಿ ಕಡಿಮೆ ಹಾಕಿ ಮಾಡಿದರೆ, ಗರಿಗರಿ ರವೆ ಮತ್ತು ಬಿಳಿ ಮೀನಿನ ಪಕ್ಕ ಶಾಬ್ಲಿ ಚೆನ್ನಾಗಿ ನಿಲ್ಲುತ್ತದೆ. ಬರೀ ಉಪ್ಪು ನಿಂಬೆ ಹಾಕಿ ಸುಟ್ಟ ಸಿಗಡಿಗೂ ಅದೇ ಮಾತು. ಘೀ ರೋಸ್ಟ್, ಪುಳಿಮುಂಚಿಗಳ ಪಕ್ಕ ಮಾತ್ರ ಇಡಬೇಡ. ಬ್ಯಾಡಗಿಯ ಬಣ್ಣ, ಹುಣಸೆಯ ಹುಳಿ, ಬೆಳ್ಳುಳ್ಳಿ ಸೇರಿದ ಆ ರುಚಿ ತನ್ನಷ್ಟಕ್ಕೆ ದೊಡ್ಡದು. ಊಟದ ಹುಳಿ ಮೇಲಾದರೆ ವೈನ್ ಸಪ್ಪೆ ಎನಿಸುತ್ತದೆ, ಖಾರ ನಾಲಿಗೆಯನ್ನು ಉರಿಸಿ ಪರಿಮಳವನ್ನು ನುಂಗಿಬಿಡುತ್ತದೆ. ಸಿಹಿತಿಂಡಿಯ ಜೊತೆ ಕುಡಿದರೆ ಇದೇ ವೈನ್ ಒಗರು ಹುಳಿಯಾಗಿ ಕಾಣುತ್ತದೆ. ಅತಿಥಿ ಘೀ ರೋಸ್ಟ್ ಜೊತೆಗೇ ಶಾಬ್ಲಿ ಬೇಕೆಂದರೆ ವಾದಿಸಬೇಡ. ಊಟಕ್ಕೆ ಮುಂಚೆ ಒಂದು ಗ್ಲಾಸು ಕುಡಿದು ನೋಡಿ ಎಂದು ಮೆತ್ತಗೆ ಹೇಳು.

ಕೊನೆಯ ಹೊದಿಕೆ ಅಮಲು. ಎರಡನೆಯ ಗ್ಲಾಸಿನ ಆಚೆಗೆ ಮೂಗು ನಾಲಿಗೆ ಎರಡೂ ಮಂಕಾಗುತ್ತವೆ. ಆಮೇಲೆ ಕುಡಿಯುವುದು ಶಾಬ್ಲಿಯನ್ನಲ್ಲ, ಬರೀ ಮದ್ಯವನ್ನು. ಕೆಲಸದ ಮೇಲಿದ್ದಾಗ ರುಚಿ ನೋಡಿ ಉಗುಳು. ಜಗತ್ತಿನಾದ್ಯಂತ ವೃತ್ತಿಯವರು ಮಾಡುವುದು ಅದನ್ನೇ, ಅದರಲ್ಲಿ ನಾಚಿಕೆಯಿಲ್ಲ. ಕುಡಿದು ಬಂದವರಿಗೆ ಇನ್ನಷ್ಟು ಸುರಿಯುವುದನ್ನು ಸೇವೆ ಎಂದುಕೊಳ್ಳಬೇಡ. ಕುಡಿಯದವರು ಮೇಜಿನಲ್ಲಿದ್ದರೆ ಅವರಿಗೂ ಅಷ್ಟೇ ಗೌರವದಿಂದ ನೀರು ಕೊಡು.

ಇಷ್ಟನ್ನೂ ನನ್ನ ಮಾತೆಂದು ನಂಬಬೇಡ, ನೀನೇ ಪರೀಕ್ಷಿಸು. ಹಿರಿಯರ ಒಪ್ಪಿಗೆ ಪಡೆದು ಒಂದು ಬಾಟಲಿ ಶಾಬ್ಲಿ ತೆರೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಒಂದು ಗುಟುಕು, ಹತ್ತು ಡಿಗ್ರಿಗೆ ಬಂದಾಗ ಇನ್ನೊಂದು, ಕೋಣೆಯ ಬಿಸಿಗೆ ಬಂದಾಗ ಮತ್ತೊಂದು. ನಡುವೆ ಒಂದು ಚಿಟಿಕೆ ಉಪ್ಪು ಹಾಕಿದ ಸೌತೆಕಾಯಿ, ಆಮೇಲೆ ಒಂದು ತುಂಡು ಬೆಲ್ಲ. ಪ್ರತಿ ಬಾರಿಯೂ ಬಾಯಲ್ಲಿ ಏನಾಯಿತೆಂದು ಕನ್ನಡದಲ್ಲೇ, ಪುಸ್ತಕದ ಮಾತು ತರದೆ ಬರೆದುಕೊ. ಆ ಹಾಳೆ ನಿನ್ನ ಮೊದಲ ಪಾಠವಾಗಲಿ. ನಾಳೆ ಅತಿಥಿ ಏನು ಕೇಳಿದರೂ ನಿನ್ನ ಉತ್ತರ ಅಲ್ಲಿಂದಲೇ ಬರಲಿ.