ಸೋಮವಾರ ಮೀಟಿಂಗ್, ಭಾನುವಾರ ಸೈಕಲ್ ರೇಸ್

ಪ್ರಶ್ನೆ: ನನಗೆ 37 ವರ್ಷ. ಹಳದಿ ರೋಗಕ್ಕೆ ಅರ್ಧ ಅಡಿಕೆ ತೋಟ ಹೋದ ಮೇಲೆ ಸುಳ್ಯದಲ್ಲಿ ಕೃಷಿ ಯಂತ್ರ ಮಾರುವ ಕಂಪನಿಗೆ ಸೇರಿದೆ. ತಿಂಗಳಿಗೊಮ್ಮೆ ಸೋಮವಾರ ಬೆಂಗಳೂರಿನಲ್ಲಿ ಮೀಟಿಂಗ್. ಒಂದು ವರ್ಷದಿಂದ ಶನಿವಾರ ರಾತ್ರಿಯೇ ಬಸ್ ಹತ್ತಿ, ಭಾನುವಾರ ಬೆಳಿಗ್ಗೆ ಅಲ್ಲಿ ಹವ್ಯಾಸಿಗಳ ಸೈಕಲ್ ರೇಸಿಗೆ ಹೋಗುತ್ತಿದ್ದೇನೆ. ಸೈಕಲ್ ಗೆಳೆಯನ ರೂಮಿನಲ್ಲಿದೆ. ಮನೆಯಲ್ಲಿ ‘ಆಫೀಸ್ ಕೆಲಸ’ ಎಂದಿದ್ದೇನೆ, ಆಫೀಸಿಗೂ ಗೊತ್ತಿಲ್ಲ. ರೇಸಿನ ಫಾರ್ಮಿನಲ್ಲಿ ತುರ್ತು ಸಂಪರ್ಕಕ್ಕೆ ಗೆಳೆಯನ ನಂಬರ್ ಕೊಟ್ಟಿದ್ದೇನೆ. ಮೊನ್ನೆ ಬಿದ್ದು ಮೊಣಕೈ ತರಚಿತು. ಬಸ್ ಇಳಿಯುವಾಗ ಜಾರಿದೆ ಎಂದೆ. ಮನೆಯವಳು ನಂಬಿದ ಹಾಗೆ ಕಾಣಲಿಲ್ಲ. ರೇಸ್ ಬಿಟ್ಟುಬಿಡಲಾ, ಮೇಡಂ?
– ಹೆಸರು ಬೇಡ, ಮರ್ಕಂಜ

ಉತ್ತರ: ಬಿಡಬೇಡಿ. ಆದರೆ ಮುಂದಿನ ಬಸ್ ಹತ್ತುವ ಮೊದಲು ಮನೆಯಲ್ಲಿ ಹೇಳಿ.

ನಿಮ್ಮ ಪತ್ರದಲ್ಲಿ ನನಗೆ ಸಂಕಟವಾದದ್ದು ಆ ಫಾರ್ಮಿನ ವಿಷಯ ಓದಿದಾಗ. ನೀವು ರಸ್ತೆಯಲ್ಲಿ ಬಿದ್ದು ಎಚ್ಚರ ತಪ್ಪಿದರೆ ಮೊದಲು ಫೋನ್ ಹೋಗುವುದು ಗೆಳೆಯನಿಗೆ. ಅವರು ಮರ್ಕಂಜಕ್ಕೆ ಫೋನ್ ಮಾಡಿ, ಗಂಡ ಆಸ್ಪತ್ರೆಯಲ್ಲಿದ್ದಾರೆ ಎನ್ನುವುದರ ಜತೆಗೆ ಗಂಡನಿಗೆ ರೇಸಿನ ಹುಚ್ಚು ಇತ್ತು ಎಂಬುದನ್ನೂ ನಿಮ್ಮ ಮನೆಯವರಿಗೆ ತಿಳಿಸಬೇಕು. ಅವರಿಗೆ ಹಾಗೆ ಗೊತ್ತಾಗಬಾರದು. ಮೊದಲು ಆ ನಂಬರ್ ಬದಲಿಸಿ.

ಮುಚ್ಚಿಡಲು ಕಾರಣವೇನಿರಬಹುದು ಎಂದು ಊಹಿಸಬಲ್ಲೆ. ನಿಮ್ಮ ಕಡೆ, ಸಂಪಾಜೆ, ಅರಂತೋಡಿನ ಕಡೆಯೆಲ್ಲ ಹಳದಿ ರೋಗ ಎಷ್ಟು ಮನೆಗಳ ಲೆಕ್ಕಾಚಾರ ಕೆಡಿಸಿದೆ ಎಂದು ಗೊತ್ತಿದೆ. ತೋಟ ಸೊರಗಿರುವಾಗ ಸೈಕಲಿಗೆ ದುಡ್ಡು ಹಾಕಿದೆ ಎಂದು ಹೇಳಲು ಬಾಯಿ ಬಂದಿರಲಿಕ್ಕಿಲ್ಲ. ಆದ್ದರಿಂದ ಹೇಳುವಾಗ ಸೈಕಲಿನ ಬೆಲೆ, ಪ್ರವೇಶ ಶುಲ್ಕ, ತಿಂಗಳ ಖರ್ಚು ಎಲ್ಲವನ್ನೂ ಒಟ್ಟಿಗೇ ಹೇಳಿ. ಅರ್ಧ ಹೇಳಿ ಉಳಿದದ್ದು ಆಮೇಲೆ ಹೊರಬಿದ್ದರೆ ಮೊದಲ ಸುಳ್ಳಿಗಿಂತ ಹೆಚ್ಚು ನೋವಾಗುತ್ತದೆ. ಅವರು ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಆ ಸಿಟ್ಟಿಗೆ ಕಾರಣವಿದೆ, ವಾದಕ್ಕೆ ಇಳಿಯಬೇಡಿ. ನೀವು ಇಲ್ಲದ ಭಾನುವಾರ ಅಂಗಳದ ಅಡಿಕೆ, ಮಕ್ಕಳು, ಹಿರಿಯರು ಎಲ್ಲ ಅವರೊಬ್ಬರ ತಲೆ ಮೇಲೆ. ಇನ್ನೊಂದು ಭಾನುವಾರ ಪೂರ್ತಿ ಅವರಿಗೆ ಬಿಡುವು ಕೊಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಜನ ಸಿಗುವುದೇ ಕಷ್ಟ. ಅವರು ಬರುವ ದಿನ ರೇಸ್ ಇದ್ದರೆ ರೇಸ್ ಬಿಡಿ.

ಆಸೆಯ ಬಗ್ಗೆ ನಾಚಿಕೆ ಬೇಡ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನಂಥ ಹವ್ಯಾಸಿ ರೇಸುಗಳನ್ನು ಸ್ವಯಂಸೇವಕರೇ ಮುಂದೆ ನಿಂತು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಸೈಕಲ್ ತುಳಿಯುವ ಬಹಳಷ್ಟು ಮಂದಿ ಮಾರನೇ ದಿನ ಆಫೀಸಿಗೆ ಹೋಗುವವರೇ. 2014ರಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದ ನವೀನ್ ಜಾನ್ ಕೂಡ ಓದಿದ್ದು ಇಂಜಿನಿಯರಿಂಗ್.

ಆಫೀಸಿನ ವಿಷಯ ಸರಳ. ಭಾನುವಾರ ನಿಮ್ಮದು, ಸೋಮವಾರ ಅವರದ್ದು. ಬಸ್ ಟಿಕೆಟ್ ಹೇಗೂ ಅವರೇ ಕೊಡಬೇಕಾದದ್ದು. ಆದರೆ ಒಂದು ದಿನ ಮೊದಲೇ ಹೋದ ಊಟ, ವಸತಿಯನ್ನು ಬಿಲ್ಲಿಗೆ ಸೇರಿಸಬೇಡಿ. ಮ್ಯಾನೇಜರಿಗೆ ಒಂದು ಮಾತು ಹೇಳಿಡಿ.

ನನಗೆ ನಿಜವಾಗಿ ಹೆದರಿಕೆಯಾಗುವುದು ಆ ರಾತ್ರಿ ಬಸ್ಸಿನದು. ಸುಳ್ಯದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ., ಮೊದಲಿಗೇ ಸಂಪಾಜೆ ಘಾಟಿಯ ತಿರುವುಗಳು. ನಿದ್ದೆಯಿಲ್ಲದೆ ಬೆಳಗ್ಗೆ ಇಳಿದು, ಮುಂದಿನವನ ಚಕ್ರಕ್ಕೆ ಗೇಣು ದೂರದಲ್ಲಿ ಗುಂಪಿನೊಳಗೆ ತುಳಿಯುವುದು ಅಪಾಯ. ಒಬ್ಬ ಅರೆಕ್ಷಣ ಬ್ರೇಕ್ ಹಿಡಿದರೆ ಹಿಂದಿನ ಐದಾರು ಮಂದಿ ಬೀಳುತ್ತಾರೆ. ಹೆಚ್ಚಾಗಿ ಮುರಿಯುವುದು ಕುತ್ತಿಗೆ ಬುಡದ ಕಾಲರ್ ಬೋನ್. ಶನಿವಾರ ರಜೆ ಹಾಕಿ ಹಗಲು ಬಸ್ಸಿಗೆ ಹೋಗಿ, ರಾತ್ರಿ ಸರಿಯಾಗಿ ಮಲಗಿ. ರಜೆ ಸಿಗದ ತಿಂಗಳು ರೇಸ್ ಬೇಡ.

ಮಾರನೇ ದಿನ ಮೀಟಿಂಗ್ ಇದ್ದರೆ ಟೈಮ್ ಟ್ರಯಲ್ ಅಥವಾ ಬೆಟ್ಟ ಏರುವ ರೇಸ್ ಮಾತ್ರ ಆರಿಸಿ. ಟೈಮ್ ಟ್ರಯಲಿನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಇನ್ನೊಬ್ಬರ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವಂತಿಲ್ಲ. ಏರಿನಲ್ಲಿ ವೇಗ ಕಡಿಮೆ, ಬಿದ್ದರೂ ಪೆಟ್ಟು ಕಡಿಮೆ. ಬೆಟ್ಟದಲ್ಲಿ ನಿಮಗೆ ಅನುಕೂಲವೂ ಇದೆ: ನಂದಿ ಬೆಟ್ಟದ ಮುಖ್ಯ ಏರು ಏಳೆಂಟು ಕಿ.ಮೀ.; ಸಂಪಾಜೆಯಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಹತ್ತುವುದು ಅದರ ಮೂರು ಪಟ್ಟು ಉದ್ದ. ಬೇಸಿಗೆಯಲ್ಲಿ ಬೆಳಕು ಹರಿಯುವಾಗಲೇ ಅಭ್ಯಾಸ ಮಾಡಿ, ಲಾರಿಗಳ ಓಡಾಟ ಹೆಚ್ಚುವ ಮೊದಲು ವಾಪಸಾಗಿ. ಉಳಿದ ದಿನ ಮನೆ ಹತ್ತಿರದ ಅರಂತೋಡು–ಎಲಿಮಲೆ ರಸ್ತೆ ಸಾಕು.

ಅಭ್ಯಾಸಕ್ಕೆ ಸೈಕಲ್ ಊರಿಗೆ ಬರಬೇಕು. ಬಸ್ಸಿನ ಡಿಕ್ಕಿಯಲ್ಲಿ ಲಗೇಜ್ ಟಿಕೆಟ್ ಮಾಡಿಸಿ ತನ್ನಿ. ಎರಡೂ ಚಕ್ರ, ಪೆಡಲ್ ಬಿಚ್ಚಿ. ಎಡ ಪೆಡಲಿನ ಮರೆ ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಗಿಯರಿರುವ ಬಲಬದಿ ಮೇಲೆ ಬರುವಂತೆ ಮಲಗಿಸಿ, ಅದರ ಮೇಲೆ ಬೇರೆಯವರ ಚೀಲ ಬೀಳದಂತೆ ಕಂಡಕ್ಟರಿಗೆ ಹೇಳಿ. ಹಿಂದಿನ ಗಿಯರ್ ನೇತಾಡುವ ಹ್ಯಾಂಗರ್ ಎಂಬ ಸಣ್ಣ ತುಂಡು ಬಾಗಿದರೆ ಚೈನ್ ಕಡ್ಡಿಗೆ ಸಿಕ್ಕಿಕೊಳ್ಳಬಹುದು. ಅದೊಂದು ಹೆಚ್ಚುವರಿ ಇರಲಿ.

ಅಪಘಾತ ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ಎಷ್ಟೋ ಪಾಲಿಸಿಗಳು ರೇಸಿನಲ್ಲಾದ ಗಾಯಕ್ಕೆ ಪರಿಹಾರ ಕೊಡುವುದಿಲ್ಲ. ನಿಮ್ಮದು ಕೊಡುತ್ತದೋ ಇಲ್ಲವೋ ಎಂದು ಬರಹದಲ್ಲಿ ಕೇಳಿ, ಉತ್ತರ ಬಂದ ಮೇಲೆ ಮುಂದಿನ ರೇಸಿಗೆ ಹೆಸರು ಕೊಡಿ.