ಅಂಚಿನ ಮುದ್ರೆಯಿಂದ ನಡುವಿನ ಹೆಸರಿಗೆ: ಝುಯಿ ಬಟ್ಟೆಯ ಚಿತ್ರವಿನ್ಯಾಸದ ಮರುಬಳಕೆ

ಹಳೆಯ ಅಲಂಕಾರವೊಂದನ್ನು ಆಧುನಿಕ ಮಾರುಕಟ್ಟೆ ಮರುಬಳಸುವಾಗ ರೂಪ ಉಳಿದು ಅರ್ಥ ಮಾತ್ರ ಬದಲಾಗುತ್ತದೆ ಎಂಬ ಮಾತು ವಿನ್ಯಾಸ ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಫ್ರಾನ್ಸಿನ 'ತ್ವಾಲ್ ದ ಝುಯಿ' ಎಂಬ ಅಚ್ಚಿನ ಬಟ್ಟೆಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಹೇಳಿಕೆ ಅಪೂರ್ಣವೆಂದು ತೋರುತ್ತದೆ. ಇಲ್ಲಿ ಮುಖ್ಯವಾಗಿ ಸ್ಥಳಾಂತರಗೊಂಡಿರುವುದು ತಯಾರಕನ ಹೆಸರು.

ಈ ಬಟ್ಟೆಯ ಮೂಲ ಭಾರತದ ಕಡೆಗೆ ಕೈತೋರಿಸುತ್ತದೆ. ಕನ್ನಡದಲ್ಲಿ ಚೀಟಿ ಬಟ್ಟೆಯೆಂದು ಕರೆಯುವ ಬಗೆಯ ಅಚ್ಚಿನ ಹತ್ತಿಬಟ್ಟೆಗಳು ಫ್ರೆಂಚರಲ್ಲಿ 'ಆಂದಿಯೆನ್' ಎಂದು ಪ್ರಸಿದ್ಧವಾಗಿದ್ದವು. ತನ್ನ ರೇಷ್ಮೆ, ಉಣ್ಣೆಗಳ ನೇಕಾರಿಕೆಯನ್ನು ಕಾಪಾಡಲು ಫ್ರಾನ್ಸ್ 1686ರಲ್ಲಿ ಅವುಗಳನ್ನೂ ಅವುಗಳ ಅನುಕರಣೆಗಳನ್ನೂ ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಮರುವರ್ಷವೇ ಜರ್ಮನ್ ಮೂಲದ ಕ್ರಿಸ್ಟೋಫ್-ಫಿಲಿಪ್ ಓಬರ್‌ಕಾಂಫ್ ವರ್ಸೇಲ್ಸ್ ಸಮೀಪದ ಝುಯಿಯಲ್ಲಿ ಕಾರ್ಖಾನೆ ತೆರೆದನು.

1770ರ ಸುಮಾರಿಗೆ ಅಲ್ಲಿ ಮರದ ಅಚ್ಚುಗಳ ಜೊತೆಗೆ ಕೊರೆದ ತಾಮ್ರದ ಫಲಕಗಳು ಬಳಕೆಗೆ ಬಂದವು. ಫಲಕದಿಂದ ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆಗಳನ್ನು ಮೂಡಿಸಬಹುದಿತ್ತು. ಆದರೆ ದೊಡ್ಡ ಫಲಕಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂಡಿಸಿ ಹಲವು ಬಣ್ಣ ಒತ್ತುವುದು ಕಷ್ಟ. ಹೀಗಾಗಿ ಬಿಳಿಯ ಮೇಲೆ ಕೆಂಪು, ನೀಲಿ ಅಥವಾ ನೇರಳೆಯ ಒಂದೇ ಬಣ್ಣ ನಿಂತಿತು. ಇಂದು ನಾವು ಶೈಲಿ ಎಂದು ಮೆಚ್ಚುವುದು ಅಂದು ಉಪಕರಣದ ಮಿತಿಯಾಗಿತ್ತೆಂಬುದನ್ನು ಮರೆಯಲಾಗದು. 1783ರಲ್ಲಿ ಝಾನ್-ಬಾತಿಸ್ತ್ ಹ್ಯುಯೆ ಈ ಕಾರ್ಖಾನೆಗಾಗಿ ರಚಿಸಿದ ವಿನ್ಯಾಸದ ವಸ್ತು ಕಾರ್ಖಾನೆಯೇ: ಬಟ್ಟೆ ಒಗೆಯುವವರು, ಹುಲ್ಲುಗಾವಲಿನಲ್ಲಿ ಹರವುವವರು, ಅಚ್ಚೊತ್ತುವವರು ಅದರಲ್ಲಿದ್ದಾರೆ. ಜಾಹೀರಾತು ಎನ್ನುವುದಾದರೆ ಇದೂ ಜಾಹೀರಾತೇ. ಆದರೆ ದುಡಿಯುವವರ ಮೂಲಕ ಮಾತನಾಡುವ ಜಾಹೀರಾತು. ತಯಾರಕನ ಹೆಸರು, ಊರು, ಬಣ್ಣ ಗಟ್ಟಿಯೆಂಬ ಭರವಸೆ ಇವೆಲ್ಲ ಥಾನಿನ ತುದಿಯಲ್ಲಿ, ಕಾನೂನಿನ ಅಗತ್ಯಕ್ಕಾಗಿ ಅಚ್ಚಾಗುತ್ತಿದ್ದವು. ಹೊಲಿಗೆಯ ಹೊತ್ತಿಗೆ ಕತ್ತರಿಸಿಹೋಗುವ ಭಾಗವದು. ಕಾರ್ಖಾನೆ 1843ರಲ್ಲಿ ಮುಚ್ಚಿತು.

ಕ್ರಿಸ್ತಿಯಾನ್ ದಿಯೋರ್ 1947ರಲ್ಲಿ ಪ್ಯಾರಿಸ್ಸಿನ ತನ್ನ ಮಳಿಗೆಯನ್ನು ಝುಯಿ ಬಟ್ಟೆಯಿಂದ ಅಲಂಕರಿಸಿದ್ದನು. ಅದೇ ಸಂಸ್ಥೆಗಾಗಿ ಮರಿಯಾ ಗ್ರಾತ್ಸಿಯಾ ಕ್ಯೂರಿ 2018ರಲ್ಲಿ ಪ್ರದರ್ಶಿಸಿದ ಸಂಗ್ರಹದಲ್ಲಿ ಅದು ಹೊಸರೂಪದಲ್ಲಿ ಮರಳಿತು. ಒಂದೇ ಬಣ್ಣ, ಕೊರೆತದಂತಹ ಗೆರೆಗಳು, ತಿಳಿ ಹಿನ್ನೆಲೆಯಲ್ಲಿ ದ್ವೀಪಗಳಂತೆ ಚದುರಿದ ದೃಶ್ಯಗಳು ಹಾಗೆಯೇ ಉಳಿದವು. ಗ್ರಾಮೀಣ ದೃಶ್ಯಗಳ ಜಾಗಕ್ಕೆ ಹುಲಿ, ಸಿಂಹ, ಕೋತಿಗಳು ಬಂದವು. ಕಸೂತಿಯ ಕೈಚೀಲದಲ್ಲಿ ಎಷ್ಟು ಬಣ್ಣದ ನೂಲನ್ನಾದರೂ ಬಳಸಬಹುದು. ಆದರೂ ಒಂದನ್ನೇ ಆರಿಸಲಾಗಿದೆ. ಮಿತಿಯೇ ಇಲ್ಲಿ ಗುರುತಾಗಿದೆ. ಚೀಲದ ನಟ್ಟನಡುವೆ ದಪ್ಪಕ್ಷರಗಳಲ್ಲಿ ಸಂಸ್ಥೆಯ ಹೆಸರಿದೆ.

ಕುಶಲ ರೂಪಾಂತರವಿದು ಎಂಬುದರಲ್ಲಿ ಸಂಶಯವಿಲ್ಲ. ಆದರೆ 1811ರಲ್ಲಿ ತೀರಿಕೊಂಡ ಹ್ಯುಯೆಯ ಚಿತ್ರಗಳ ಮೇಲೆ ಇಂದು ಯಾರ ಸ್ವಾಮ್ಯವೂ ಇಲ್ಲ. ಯಾವ ಮಳಿಗೆಯಾದರೂ ಅವುಗಳನ್ನು ಅಚ್ಚಿಸಬಹುದು. ಎಲ್ಲರದಾದ ಅಲಂಕಾರವನ್ನು ತನ್ನದೆಂದು ತೋರಿಸಲು ಸಂಸ್ಥೆಗೆ ಉಳಿಯುವುದು ಹೊಸ ಪ್ರಾಣಿಗಳು ಮತ್ತು ಹೆಸರು. ಅಂಚಿನಲ್ಲಿದ್ದ ಹೆಸರು ನಡುವಿಗೆ ಬಂದುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು. ಬಟ್ಟೆ ಹರವುತ್ತಿದ್ದವರಿಗೆ ಮಾತ್ರ ಆ ಚೀಲದ ಮೇಲೆ ಎಡೆಯಿಲ್ಲ.